ಮೂರು ಚಕ್ರ ಉಂಟಲ್ಲ, ಹೆದರಿಕೆ ಯಾಕೆ?

ಆಗುಂಬೆ ಘಾಟಿ ಇಳಿಯುವ ಮುಂಚೆ ಮೇಲಿನ ಹೋಟೆಲಿನಲ್ಲಿ ಒಂದು ಲೋಟ ಚಹಾ ಕುಡಿಯುವುದು ನನ್ನ ರೂಢಿ. ಗಾಡಿ ನಿಲ್ಲಿಸಿದ ಕೂಡಲೇ ಯಾರಾದರೂ ಒಬ್ಬರು ಹತ್ತಿರ ಬಂದು ಪಕ್ಕದ ಚಕ್ರವನ್ನು ಚಪ್ಪಲಿಯ ತುದಿಯಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಆಮೇಲೆ ಅದೇ ಮಾತು: ‘ನಿಮಗೆ ಎಂತ ಮಾರಾಯ್ರೇ, ಮೂರು ಚಕ್ರ ಉಂಟಲ್ಲ, ಹೆದರಿಕೆ ಯಾಕೆ?’

ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಇದು ತಪ್ಪು ಮಾತು, ಅಪಾಯದ ಮಾತು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ನನ್ನ ಎಡಗಾಲು ಸೋತಿದೆ. ಹನ್ನೊಂದು ವರ್ಷದಿಂದ ಸೈಡ್ ವೀಲ್ ಕಟ್ಟಿಸಿದ ಸ್ಕೂಟರಿನಲ್ಲಿ ತೀರ್ಥಹಳ್ಳಿ ಕಡೆಯಿಂದ ಹೆಬ್ರಿ, ಉಡುಪಿಗೆ ಓಡಾಡುತ್ತಿದ್ದೇನೆ. ಎಣಿಸಿದರೆ ಅದಕ್ಕೆ ನಾಲ್ಕು ಚಕ್ರ: ಮುಂದೊಂದು, ಹಿಂದೊಂದು, ಹಿಂದಿನದರ ಎರಡು ಪಕ್ಕಕ್ಕೆ ಎರಡು ಚಿಕ್ಕವು. ಆದರೂ ಊರೆಲ್ಲ ಅದನ್ನು ಮೂರು ಚಕ್ರದ ಗಾಡಿ ಎಂದೇ ಕರೆಯುತ್ತದೆ. ಆ ಹೆಸರು ತಪ್ಪೇನಲ್ಲ. ತಿರುವಿನಲ್ಲಿ ಅದು ನಡೆದುಕೊಳ್ಳುವುದು ಥೇಟ್ ಮೂರು ಚಕ್ರದ ಗಾಡಿಯ ಹಾಗೆಯೇ.

ಈ ನಂಬಿಕೆ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಮೂರು ಕಲ್ಲಿನ ಒಲೆ ಅಲ್ಲಾಡುವುದಿಲ್ಲ. ಮೂರು ಕಾಲಿನ ಮಣೆಯನ್ನು ಎಂಥ ಉಬ್ಬುತಗ್ಗಿನ ನೆಲದಲ್ಲಿ ಇಟ್ಟರೂ ಅದು ಕೂತುಕೊಳ್ಳುತ್ತದೆ, ನಾಲ್ಕು ಕಾಲಿನದಕ್ಕೆ ಒಂದು ಕಡೆ ಚಕ್ಕೆ ಕೊಡಬೇಕು. ಆದರೆ ಒಲೆ, ಮಣೆ ಎರಡೂ ನಿಂತಲ್ಲೇ ನಿಲ್ಲುವ ವಸ್ತುಗಳು. ಅವು ಇಳಿಜಾರಿನಲ್ಲಿ ಓಡುತ್ತಾ ಎಡಕ್ಕೆ ತಿರುಗುವುದಿಲ್ಲ.

ತಿರುವಿನಲ್ಲಿ ಬೈಕಿನವನು ಏನು ಮಾಡುತ್ತಾನೆ ನೋಡಿ. ಗಾಡಿಯನ್ನೂ ಮೈಯನ್ನೂ ಒಟ್ಟಿಗೆ ಒಳಕ್ಕೆ ವಾಲಿಸುತ್ತಾನೆ. ಹೊರಕ್ಕೆ ಎಸೆಯುವ ಬಲಕ್ಕೆ ಅವನ ವಾಲುವಿಕೆಯೇ ಉತ್ತರ. ಎರಡೂ ಸೇರಿ ಭಾರವು ಟಯರು ನೆಲಕ್ಕೆ ತಾಗುವ ಜಾಗಕ್ಕೇ ಇಳಿಯುತ್ತದೆ, ಆದ್ದರಿಂದ ಅವನು ಮಗುಚುವುದಿಲ್ಲ. ಎರಡು ಚಕ್ರ ಎಂಬ ಕೊರತೆಯೇ ಅವನಿಗೆ ವಾಲುವ ಸ್ವಾತಂತ್ರ್ಯ ಕೊಟ್ಟಿದೆ. ಪಕ್ಕಕ್ಕೆ ಚಕ್ರ ಕಟ್ಟಿದ ದಿನವೇ ನಾವು ಆ ಸ್ವಾತಂತ್ರ್ಯ ಕಳೆದುಕೊಂಡೆವು. ಗಾಡಿ ನೆಟ್ಟಗೆ ನಿಂತೇ ತಿರುಗಬೇಕು, ಎಸೆತವೆಲ್ಲ ಹೊರಬದಿಯ ಚಕ್ರದ ಮೇಲೆ ಬೀಳಬೇಕು.

ನನ್ನ ಗಾಡಿಯನ್ನು ಟೇಪ್ ಹಿಡಿದು ಅಳೆದಿದ್ದೇನೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 126 ಸೆಂ.ಮೀ., ಪಕ್ಕದ ಎರಡು ಚಕ್ರಗಳ ನಡುವೆ 90 ಸೆಂ.ಮೀ. ನೋಡುವವರ ಕಣ್ಣಿಗೆ ಬೀಳುವುದು ಆ 90. ‘ಎಷ್ಟು ಅಗಲ ಉಂಟು’ ಎನ್ನುತ್ತಾರೆ. ಆದರೆ ಗಾಡಿ ಮಗುಚುವುದು ಹಿಂದಿನ ಅಗಲದ ಮೇಲಲ್ಲ. ಮುಂದಿನ ಒಂಟಿ ಚಕ್ರದಿಂದ ಹೊರಬದಿಯ ಪಕ್ಕದ ಚಕ್ರಕ್ಕೆ ಒಂದು ಓರೆ ಗೆರೆ ಎಳೆಯಿರಿ, ಮಗುಚುವುದು ಆ ಗೆರೆಯ ಮೇಲೆ. ನನ್ನದೂ ಗಾಡಿಯದೂ ಸೇರಿದ ಭಾರದ ನಡುಬಿಂದು ಮುಂದಿನ ಚಕ್ರದಿಂದ 75 ಸೆಂ.ಮೀ. ಹಿಂದೆ, ನೆಲದಿಂದ 60 ಸೆಂ.ಮೀ. ಮೇಲೆ ಇದೆ ಎಂದು ಇಟ್ಟುಕೊಳ್ಳೋಣ. ಅಲ್ಲಿಂದ ನೇರ ಪಕ್ಕಕ್ಕೆ ಅಳೆದರೆ ಆ ಓರೆ ಗೆರೆಗೆ ಉಳಿಯುವುದು ಬರೀ 27 ಸೆಂ.ಮೀ., ಒಂದು ಗೇಣಿಗಿಂತ ತುಸು ಹೆಚ್ಚು. 10 ಮೀಟರ್ ತ್ರಿಜ್ಯದ ಒಂದು ಹೇರ್‌ಪಿನ್ ತಿರುವಿನಲ್ಲಿ ಒಳಬದಿಯ ಚಕ್ರ ನೆಲ ಬಿಡುವ ವೇಗ ಲೆಕ್ಕ ಹಾಕಿದರೆ ಗಂಟೆಗೆ 24 ಕಿ.ಮೀ. ಬರುತ್ತದೆ. ಅದೇ ತಿರುವಿನಲ್ಲಿ ಅದೇ ವೇಗಕ್ಕೆ ಬೈಕಿನವನು 24 ಡಿಗ್ರಿಯಷ್ಟು ವಾಲಿ, ಹಿಂದೆ ಕೂತವರ ಜೊತೆ ಮಾತಾಡುತ್ತಲೇ ಹೋಗಿಬಿಡುತ್ತಾನೆ.

ಇದು ಬ್ರೇಕ್ ಮುಟ್ಟದೆ ಇದ್ದಾಗಿನ ಲೆಕ್ಕ. ಇಳಿಜಾರಿನಲ್ಲಿ ತಿರುವಿನ ನಡುವೆ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ನುಗ್ಗುತ್ತದೆ. ಮುಂದೆ ಇರುವುದು ಒಂದೇ ಚಕ್ರ. ಭಾರ ಮುಂದೆ ಹೋದಷ್ಟೂ ಓರೆ ಗೆರೆ ಹತ್ತಿರವಾಗುತ್ತದೆ, 24 ಎಂದದ್ದು 20ರ ಆಸುಪಾಸಿಗೆ ಇಳಿಯುತ್ತದೆ. ಹೆದರಿಕೆಯಾದಾಗ ಮನುಷ್ಯ ಮಾಡುವ ಮೊದಲ ಕೆಲಸವೇ ಬ್ರೇಕ್ ಒತ್ತುವುದು. ಅದೇ ಅವನನ್ನು ಮಗುಚುತ್ತದೆ. ಘಾಟಿ ಹತ್ತುವುದೇ ಕಷ್ಟ, ಇಳಿಯುವುದು ಸಲೀಸು ಎಂದು ಜನ ನಂಬಿದ್ದಾರೆ. ನಮ್ಮ ಗಾಡಿಗಳಿಗೆ ಇದು ಪೂರ್ತಿ ತಿರುಗುಮುರುಗು. ಹತ್ತುವಾಗ ಭಾರ ಹಿಂದಕ್ಕೆ, ಅಗಲ ಇರುವ ಕಡೆಗೆ ಕೂರುತ್ತದೆ. ಇಳಿಯುವಾಗಲೇ ಜೀವ ಕೈಯಲ್ಲಿ. ಗೇರ್ ಇಲ್ಲದ ಸ್ಕೂಟರಿಗೆ ಎಂಜಿನ್ನಿನ ಹಿಡಿತವೂ ಅಷ್ಟಕ್ಕಷ್ಟೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ನಿಧಾನವಾದರೆ ಕ್ಲಚ್ ಬಿಟ್ಟುಕೊಂಡು ಗಾಡಿ ತಾನೇ ಜಾರತೊಡಗುತ್ತದೆ. ಪಕ್ಕದ ಚಕ್ರಗಳಿಗೆ, ನನ್ನ ಗಾಡಿಯಲ್ಲಂತೂ, ಬ್ರೇಕೇ ಇಲ್ಲ.

ಮೊದಲ ವರ್ಷದ ಒಂದು ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಮೇಲಿನಿಂದ ಮೂರನೆಯದೋ ನಾಲ್ಕನೆಯದೋ ತಿರುವು, ಎಡಕ್ಕೆ. ವೇಗ ಹೆಚ್ಚೇನೂ ಇರಲಿಲ್ಲ, ಮುಳ್ಳು ಇಪ್ಪತ್ತರ ಮೇಲೆ ಸ್ವಲ್ಪ ಇತ್ತು. ಎಡಗಡೆ ಸೀಟು ಯಾರೋ ಕೆಳಗಿನಿಂದ ಎತ್ತಿದ ಹಾಗೆ ಮೇಲೆದ್ದಿತು. ಪಕ್ಕದ ಚಕ್ರದ ಗರಗರ ಶಬ್ದ ಇದ್ದಕ್ಕಿದ್ದಂತೆ ನಿಂತಿತು. ಆ ಚಕ್ರ ಗಾಳಿಯಲ್ಲಿತ್ತು. ಬ್ರೇಕ್ ಒತ್ತಬೇಕು ಅನ್ನಿಸಿತು. ಒತ್ತಲಿಲ್ಲ. ಧೈರ್ಯದಿಂದಲ್ಲ, ಕೈ ಮರಗಟ್ಟಿದ್ದರಿಂದ. ಹ್ಯಾಂಡಲ್ ಸಡಿಲವಾಗಿ ಗಾಡಿ ನೆಟ್ಟಗೆ ಬಲಗಡೆಗೆ ಹೋಯಿತು, ಚಕ್ರ ಧಪ್ಪೆಂದು ನೆಲಕ್ಕೆ ಬಿತ್ತು, ನಾನು ರಸ್ತೆಯ ಆಚೆ ಬದಿಯ ತಡೆಗೋಡೆಯ ಹತ್ತಿರ ನಿಂತಿದ್ದೆ. ಒಂದು ನಿಮಿಷದ ಮೇಲೆ ಕೆಳಗಿನಿಂದ ಮಿನಿ ಬಸ್ಸು ಹತ್ತಿ ಬಂತು. ಆ ಒಂದು ನಿಮಿಷ ಮೊದಲು ಬಂದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

‘ಬೈಕ್ ಬಿಟ್ಟು ಗೊತ್ತಿದ್ದರೆ ಇದು ನೀರು ಕುಡಿದ ಹಾಗೆ’ ಎಂಬುದು ಇನ್ನೊಂದು ಜನಪ್ರಿಯ ಮಾತು. ಇದು ಮೊದಲಿನದಕ್ಕಿಂತಲೂ ಕೆಟ್ಟದ್ದು. ವೇಗದಲ್ಲಿ ಎಡಕ್ಕೆ ತಿರುಗಬೇಕಾದ ಬೈಕಿನವನು, ತನಗೇ ಗೊತ್ತಿಲ್ಲದೆ, ಎಡಗೈಯ ಹಿಡಿಯನ್ನು ತುಸು ಮುಂದಕ್ಕೆ ತಳ್ಳುತ್ತಾನೆ. ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೊರಳಿ, ಗಾಡಿ ಎಡಕ್ಕೆ ವಾಲುತ್ತದೆ. ವರ್ಷಗಟ್ಟಲೆ ಕೈ ಇದನ್ನೇ ಕಲಿತಿರುತ್ತದೆ. ವಾಲದ ಗಾಡಿಯಲ್ಲಿ ಅದೇ ಕೈ ಅದೇ ಕೆಲಸ ಮಾಡಿದರೆ ಗಾಡಿ ಬಲಕ್ಕೇ ಹೋಗುತ್ತದೆ. ಎದುರು ಬರುವವರ ಕಡೆಗೆ. ಅಪಘಾತದಲ್ಲಿ ಕಾಲು ಕಳೆದುಕೊಂಡು, ಇಪ್ಪತ್ತು ವರ್ಷ ಬೈಕ್ ಓಡಿಸಿದ ಅನುಭವದ ಧೈರ್ಯದ ಮೇಲೆ ಸೈಡ್ ವೀಲ್ ಗಾಡಿ ಹತ್ತಿದವರನ್ನು ನೋಡಿದ್ದೇನೆ. ಮೊದಲ ತಿಂಗಳು ಅವರಿಗೆ ಇರುವ ಅಪಾಯ ಏನೂ ಗೊತ್ತಿಲ್ಲದ ಹುಡುಗನಿಗೆ ಇರುವುದಿಲ್ಲ. ಅವನ ಕೈ ಹೊಸದಾಗಿ ಕಲಿಯುತ್ತದೆ. ಇವರದು ಮೊದಲು ಮರೆಯಬೇಕು.

ಇಷ್ಟು ಹೇಳಿದೆನೆಂದು ‘ಹಾಗಾದರೆ ಮೂರು ಚಕ್ರವೇ ದಂಡ’ ಎನ್ನುವವರ ಜೊತೆ ನಾನಿಲ್ಲ. ಆ ಅಭಿಪ್ರಾಯವೂ ಅಷ್ಟೇ ಕುರುಡು. ಮಿಸ್ಟರ್ ಬೀನ್ ತನ್ನ ಕಾರಿನಿಂದ ಮತ್ತೆ ಮತ್ತೆ ಮಗುಚಿಸುವ ನೀಲಿ ಬಣ್ಣದ ಗಾಡಿ ಎಲ್ಲರಿಗೂ ನೆನಪಿರಬಹುದು. ಅದು ಬ್ರಿಟನ್ನಿನ ರಿಲಯಂಟ್ ಕಂಪನಿಯ ರೀಗಲ್, ಮುಂದೆ ಒಂದು ಹಿಂದೆ ಎರಡು ಚಕ್ರದ್ದು. ಅದೇ ಕಂಪನಿ 1973ರಲ್ಲಿ ತಂದ ರಾಬಿನ್ ಗಾಡಿಯನ್ನು 2010ರಲ್ಲಿ ಟಾಪ್ ಗೇರ್ ಕಾರ್ಯಕ್ರಮದಲ್ಲಿ ಜೆರೆಮಿ ಕ್ಲಾರ್ಕ್‌ಸನ್ ತಿರುವು ತಿರುವಿಗೆ ಪಲ್ಟಿ ಹೊಡೆಸಿದರು. ಜಗತ್ತೆಲ್ಲ ನಕ್ಕಿತು. ಸುಮ್ಮನೆ ಓಡಿಸಿದರೆ ಅದು ಹಾಗೆ ಉರುಳುವುದಿಲ್ಲ, ಉರುಳಲೆಂದೇ ಅದರ ಡಿಫರೆನ್ಶಿಯಲ್ ಬದಲಿಸಿದ್ದೆವು ಎಂದು ವರ್ಷಗಳ ಮೇಲೆ ಅವರೇ ಬರೆದರು. ಬ್ರಿಟನ್ನಿನಲ್ಲಿ ಮೋಟಾರ್ ಸೈಕಲ್ ಲೈಸೆನ್ಸಿನಲ್ಲೇ ಆ ಗಾಡಿ ಓಡಿಸಬಹುದಿತ್ತು, ತೆರಿಗೆಯೂ ಕಡಿಮೆ. ಸಾಮಾನ್ಯ ಸಂಸಾರಗಳು ದಶಕಗಟ್ಟಲೆ ಅದರಲ್ಲಿ ಓಡಾಡಿದವು.

ಎಚ್ಚರ ಇಲ್ಲದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಹೋಂಡಾ 1970ರ ಸುಮಾರಿಗೆ ದಪ್ಪ ಬಲೂನು ಟಯರಿನ ಮೂರು ಚಕ್ರದ ಗುಡ್ಡಗಾಡು ಬೈಕನ್ನು ಅಮೆರಿಕದಲ್ಲಿ ಮಾರತೊಡಗಿತು. ಆಟದ ಸಾಮಾನಿನಂತೆ ಕಾಣುತ್ತಿದ್ದ ಅದನ್ನು ಮಕ್ಕಳ ಕೈಗೂ ಕೊಟ್ಟರು. ಮೈಯನ್ನು ಒಳಕ್ಕೆ ಎಳೆದು ಕೂರದಿದ್ದರೆ ಅದು ತಿರುವಿನಲ್ಲಿ ಮಗುಚುತ್ತಿತ್ತು. ಸಾವುನೋವು ಹೆಚ್ಚಾಗಿ, 1988ರಲ್ಲಿ ಸರ್ಕಾರದ ಜೊತೆ ಒಪ್ಪಂದವಾಗಿ ಕಂಪನಿಗಳು ಹೊಸ ಮೂರು ಚಕ್ರದ ಗಾಡಿಗಳ ಮಾರಾಟ ನಿಲ್ಲಿಸಬೇಕಾಯಿತು.

ವಾಲದಿರುವುದೇ ಕೊರತೆ ಎಂದಾದರೆ ವಾಲುವ ಮೂರು ಚಕ್ರ ಮಾಡಬಹುದಲ್ಲ? ಮಾಡಿದ್ದಾರೆ, ಅದೂ ನೂರು ವರ್ಷದ ಹಿಂದೆ. 1923ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮೊದಲ ಸೈಡ್‌ಕಾರ್ ಟಿಟಿ ಪಂದ್ಯ ಗೆದ್ದ ಫ್ರೆಡ್ಡಿ ಡಿಕ್ಸನ್ ಓಡಿಸಿದ ಡಗ್ಲಸ್ ಬೈಕಿಗೆ ತಿರುವಿನಲ್ಲಿ ವಾಲುವ ಸೈಡ್‌ಕಾರ್ ಇತ್ತು. ಪಕ್ಕದಲ್ಲಿ ಕೂತವನು ಸನ್ನೆ ಎಳೆದು ಅದನ್ನು ವಾಲಿಸುತ್ತಿದ್ದ. 2006ರಲ್ಲಿ ಇಟಲಿಯ ಪಿಯಾಜಿಯೊ ಎಂಪಿ3 ಸ್ಕೂಟರ್ ಬಂತು, ಮುಂದೆ ಎರಡು ಚಕ್ರ, ಎರಡೂ ಒಟ್ಟಿಗೆ ವಾಲುತ್ತವೆ. 2018ರಲ್ಲಿ ಯಮಹಾ ನೈಕನ್ ಬಂತು, 847 ಸಿಸಿ, 45 ಡಿಗ್ರಿವರೆಗೆ ವಾಲುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಒಂದು ಟಯರು ಜಾರಿದರೂ ಇನ್ನೊಂದು ಹಿಡಿದಿರುತ್ತದೆ. ಕೆನಡಾದ ಕ್ಯಾನ್-ಆಮ್ ಸ್ಪೈಡರ್ ವಾಲುವುದಿಲ್ಲ. ಆದರೆ ಎರಡು ಚಕ್ರ ಮುಂದಿರುವುದರಿಂದ ಬ್ರೇಕ್ ಒತ್ತಿದಾಗ ಭಾರ ಅಗಲದ ಕಡೆಗೇ ಬರುತ್ತದೆ, ಜೊತೆಗೆ ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಇವೆಲ್ಲ ಹಣವಂತರ ಹವ್ಯಾಸದ ಗಾಡಿಗಳು, ಒಪ್ಪುತ್ತೇನೆ. ಆದರೆ ಪ್ರತಿಯೊಂದರಲ್ಲೂ ತಯಾರಿಸಿದವರು ಒಂದು ವಿಷಯ ಒಪ್ಪಿಕೊಂಡಿದ್ದಾರೆ: ಚಕ್ರ ಸೇರಿಸಿದ ಮಾತ್ರಕ್ಕೆ ತಿರುವಿನಲ್ಲಿ ಭದ್ರತೆ ಬರುವುದಿಲ್ಲ. ನಮಗೆ ಕಬ್ಬಿಣದ ಚೌಕಟ್ಟಿಗೆ ಎರಡು ಚಕ್ರ ಬೆಸೆದು ಕೊಡುವಾಗ ಮಾತ್ರ ಈ ಒಪ್ಪಿಗೆ ಯಾರಿಂದಲೂ ಬರುವುದಿಲ್ಲ.

ಮೂರನೇ ಚಕ್ರದ ಉಪಕಾರ ಇರುವುದು ಗಾಡಿ ನಿಂತಾಗ. ಕಾಲೂರದೆ ನಿಲ್ಲಬಹುದು, ಏರಿನಲ್ಲಿ ನಿಂತು ಮತ್ತೆ ಹೊರಡಬಹುದು, ಎದುರಿನ ವಾಹನಕ್ಕೆ ದಾರಿ ಬಿಟ್ಟು ಕಾಯಬಹುದು. ನನ್ನಂಥವನಿಗೆ ಅದು ಸಣ್ಣ ಉಪಕಾರವಲ್ಲ, ನನ್ನ ಇಡೀ ದುಡಿಮೆ ಅದರ ಮೇಲೆ ನಿಂತಿದೆ. ಓಡುವಾಗ ಮಾತ್ರ ಅದಕ್ಕೆ ಬೆಲೆ ತೆರಬೇಕು. ಮುಂದಿನ ಚಕ್ರ ತಪ್ಪಿಸಿದ ಗುಂಡಿಗೆ ಪಕ್ಕದ ಚಕ್ರ ಹೋಗಿ ಬೀಳುತ್ತದೆ. ಪಕ್ಕದ ಎರಡೂ ಚಕ್ರ ಉಬ್ಬಿನ ಮೇಲೆ ಹತ್ತಿದರೆ ನಡುವಿನ ಚಕ್ರ, ಎಂಜಿನ್ ಓಡಿಸುವ ಚಕ್ರ, ಅಂತರದಲ್ಲಿ ಸುಮ್ಮನೆ ಸುತ್ತುತ್ತದೆ. ರಸ್ತೆ ಅಂಚಿಗೆ ಇಳಿಜಾರಾಗಿದ್ದರೆ ಇಡೀ ದಾರಿ ಗಾಡಿ ಚರಂಡಿಯ ಕಡೆಗೆ ಎಳೆಯುತ್ತಲೇ ಇರುತ್ತದೆ, ಸಂಜೆ ಹೊತ್ತಿಗೆ ಬಲ ಭುಜ ನೋಯುತ್ತದೆ.

ನನಗೆ ತಿರುವು ಕಲಿಸಿದ್ದು ಲೈಸೆನ್ಸ್ ಪರೀಕ್ಷೆಯಲ್ಲ, ಹೆಬ್ರಿಯ ಒಬ್ಬ ಆಟೋ ಚಾಲಕರು. ಅವರ ಆಟೋಗೂ ಮುಂದೆ ಒಂದೇ ಚಕ್ರ. ಆದರೆ ಗಾಡಿ ಉದ್ದ, ಎಂಜಿನ್ ಹಿಂದೆ ತಗ್ಗಿನಲ್ಲಿ ಇರುವುದರಿಂದ ನಮ್ಮ ಸ್ಕೂಟರಿಗಿಂತ ಭದ್ರ. ಅವರು ಹೇಳಿದ್ದು ಇಷ್ಟೇ: ‘ಬ್ರೇಕ್ ತಿರುವಿಗಿಂತ ಮೊದಲೇ ಮುಗಿಸಿ. ತಿರುವಲ್ಲಿ ಸೀಟಲ್ಲಿ ಒಳಗೆ ಜರುಗಿ, ಗಾಡಿ ವಾಲದಿದ್ದರೆ ನೀವು ವಾಲಿ. ಸಾಮಾನು ಮೇಲೆ ಕಟ್ಟಬೇಡಿ, ಕಾಲಡಿ ಇಡಿ.’ ಐಲ್ ಆಫ್ ಮ್ಯಾನ್‌ನ 60 ಕಿ.ಮೀ. ಸುತ್ತಿನಲ್ಲಿ ಸೈಡ್‌ಕಾರ್ ಸವಾರನ ಜೊತೆಗಾರ ಪ್ರತಿ ತಿರುವಿಗೂ ಒಳಬದಿಗೆ ಮೈ ಚಾಚಿಕೊಳ್ಳುವುದೂ ಇದೇ ಪಾಠ. 2023ರಲ್ಲಿ ಬರ್ಚಲ್ ಸಹೋದರರು ಅಲ್ಲಿ ಗಂಟೆಗೆ 193 ಕಿ.ಮೀ.ಗೂ ಹೆಚ್ಚಿನ ಸರಾಸರಿಯಲ್ಲಿ ಸುತ್ತು ಮುಗಿಸಿದರು. ಮೂರು ಚಕ್ರವೇ. ಅಲ್ಲಿ ಓಡಾಡುವ ಭಾರ ಮನುಷ್ಯನದು.

ಆದರೆ ಮೈ ವಾಲಿಸಲು ಕಾಲು ಬೇಕು. ಎಡಕ್ಕೆ ಜರುಗಬೇಕಾದರೆ ನಾನು ಎಡ ಪಾದದ ಮೇಲೆ ಭಾರ ಬಿಡಬೇಕು, ಅದು ನನ್ನಿಂದ ಆಗದು. ಬಲ ತಿರುವು ನನಗೆ ಸಲೀಸು, ಎಡ ತಿರುವು ಪ್ರತಿ ಸಲವೂ ಪರೀಕ್ಷೆ. ಬಲಗಾಲು ಇಲ್ಲದವರಿಗೆ ಇದು ಅದಲುಬದಲು. ಸೊಂಟದಲ್ಲಿ ಶಕ್ತಿ ಇಲ್ಲದವರಿಗೆ ಎರಡೂ ಕಷ್ಟ. ನಾನು ಲೈಸೆನ್ಸ್ ಪಡೆದದ್ದು ಸಮತಟ್ಟು ಮೈದಾನದಲ್ಲಿ ಎಂಟು ಹಾಕಿ. ನಿನ್ನ ಕಷ್ಟದ ತಿರುವು ಯಾವುದು ಎಂದು ಯಾರೂ ಕೇಳಲಿಲ್ಲ.

2019ರ ತಿದ್ದುಪಡಿಯಲ್ಲಿ ನಮ್ಮ ಮೋಟಾರು ವಾಹನ ಕಾಯ್ದೆಗೆ ನಮ್ಮಂಥವರ ಗಾಡಿಗೆಂದು ಗೌರವದ ಹೆಸರೊಂದು ಬಂತು, ಮಾರ್ಪಡಿಸಿದ ವಾಹನ ಎಂದು. ಒಳ್ಳೆಯದೇ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಈ ಗಾಡಿಗಳನ್ನು ಹಂಚುವ ಅಧಿಕಾರಿಗಳಲ್ಲಿ, ದಾನಿಗಳಲ್ಲಿ, ಚಕ್ರ ಬೆಸೆಯುವ ಗ್ಯಾರೇಜಿನವರಲ್ಲಿ ನನ್ನದೊಂದು ವಿನಂತಿ. ಹಾರ ಹಾಕಿ ಕೀಲಿಕೈ ಕೊಡುವ ಮುಂಚೆ ಅರ್ಧ ದಿನ ಒಂದು ಇಳಿಜಾರಿನ ತಿರುವಿನಲ್ಲಿ ಅಭ್ಯಾಸ ಮಾಡಿಸಿ. ಒಳಬದಿಯ ಚಕ್ರ ನೆಲ ಬಿಡುವುದು ಹೇಗಿರುತ್ತದೆ ಎಂದು ಜೊತೆಗೆ ಒಬ್ಬರು ನಿಂತು ಖಾಲಿ ಮೈದಾನದಲ್ಲೇ ತೋರಿಸಿ, ಘಾಟಿಯಲ್ಲಿ ಅದು ಮೊದಲ ಸಲ ಗೊತ್ತಾಗುವುದು ಬೇಡ. ಇನ್ನು ಹೋಟೆಲಿನ ಮುಂದೆ ನಿಂತು ಪ್ರೀತಿಯಿಂದ ಮಾತಾಡಿಸುವವರೇ, ದಯವಿಟ್ಟು ‘ಹೆದರಿಕೆ ಯಾಕೆ’ ಎನ್ನಬೇಡಿ. ‘ನಿಧಾನ ಹೋಗಿ’ ಎನ್ನಿ. ನಾನು ಈಗಲೂ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವುದು ಗಂಟೆಗೆ 15 ಕಿ.ಮೀ. ವೇಗದಲ್ಲಿ.