ಬೆಂಕಿ ಹಾಕುವವನು ಎಲ್ಲಿ? ಸ್ಟೀಮ್‌ಪಂಕ್ ವಾಹನಚಿತ್ರಗಳ ಒಂದು ಓದು

ಕನ್ನಡ ಸೆಮಿನಾರಿನಲ್ಲಿ ಗಾಡಿಗಳ ಚಿತ್ರ ಯಾಕೆ ಅಂತ ಕೇಳಬಹುದು. ಜಹೀರಾಬಾದಿನವರಿಗೆ ಗಾಡಿ ಬರೀ ಕಲ್ಪನೆಯಲ್ಲ. ಆಲ್ವಿನ್ ನಿಸ್ಸಾನ್ ಕಾಲದಿಂದ ಇಂದಿನ ಮಹೀಂದ್ರಾ ತನಕ ಎಷ್ಟೋ ಮನೆಗಳ ಅನ್ನ ಅದು. ಹಾಗಾಗಿ ಕಂಪ್ಯೂಟರಿನಲ್ಲಿ ಬರೆದ ಗಾಡಿ ಕಂಡರೂ "ಇದು ಓಡ್ತದೇನು?" ಅನ್ನುವ ಪ್ರಶ್ನೆಯೇ ಮೊದಲು ಬರ್ತದ.

ಸ್ಟೀಮ್‌ಪಂಕ್ ಎಂಬ ಹೆಸರನ್ನು 1987ರಲ್ಲಿ ಅಮೆರಿಕದ ಕಾದಂಬರಿಕಾರ ಕೆ. ಡಬ್ಲ್ಯೂ. ಜೀಟರ್ ಬಳಕೆಗೆ ತಂದರು. ವಿಕ್ಟೋರಿಯಾ ಕಾಲದ ಉಗಿಯಂತ್ರವೇ ಮುಂದುವರಿದಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಕಲ್ಪನೆ ಅದು. ಡಿಜಿಟಲ್ ಕಲೆಯಲ್ಲಿ ಅದು ಹಿತ್ತಾಳೆ ಕೊಳವೆ, ರಿವೆಟ್ಟು, ಹಲ್ಲುಚಕ್ರಗಳ ಕಾರು-ಬೈಕುಗಳಾಗಿದೆ. ಚೆಂದ ಅವ, ಸುಳ್ಳು ಹೇಳಲ್ಲ. ಆದರೆ ಎಷ್ಟೋ ಚಿತ್ರಗಳಲ್ಲಿ ಒಂದು ಹಲ್ಲುಚಕ್ರ ಇನ್ನೊಂದಕ್ಕೆ ಕೂಡಿಯೇ ಇರುವುದಿಲ್ಲ. ಕ್ಷೇಮೇಂದ್ರ ಔಚಿತ್ಯ ವಿವರಿಸುವಾಗ ಹೇಳುವ ಹಾಗೆ, ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡಂತೆ. ನೀರಿನ ತೊಟ್ಟಿ ಇಲ್ಲ, ಕಲ್ಲಿದ್ದಲಿಗೆ ಜಾಗ ಇಲ್ಲ. ಹೊಗೆ ಮಾತ್ರ ಧಾರಾಳ.

ಕಲ್ಪನೆಗೆ ಲೆಕ್ಕ ಕೇಳಬಾರದು ಅನ್ನುವವರಿದ್ದಾರೆ. ಪುಷ್ಪಕ ವಿಮಾನಕ್ಕೆ ನಾವು ಇಂಧನ ಕೇಳಲ್ಲ, ಖರೆ. ಆದರೆ ಪುಷ್ಪಕ ಯಂತ್ರದ ಒಳಗನ್ನು ತೋರಿಸುವುದಿಲ್ಲ. ಸ್ಟೀಮ್‌ಪಂಕ್ ಕೊಳವೆ ಬಿಚ್ಚಿ ತೋರಿಸುತ್ತದೆ. ಲೆಕ್ಕದ ಪುಸ್ತಕವನ್ನು ತಾನೇ ತೆರೆದಿಟ್ಟ ಮೇಲೆ ನಾವು ಓದಬಾರದೇ?

ಈ ಪ್ರಕಾರದ ಹಿರಿಯಜ್ಜ ಜೂಲ್ಸ್ ವರ್ನ್ ಲೆಕ್ಕ ಮರೆತವನಲ್ಲ. 1880ರ 'ಉಗಿಮನೆ' ಕಾದಂಬರಿಯಲ್ಲಿ ಲೋಹದ ಆನೆಯೊಂದು ಉಗಿಯ ಬಲದಿಂದ ಮನೆಗಳನ್ನು ಎಳೆದುಕೊಂಡು ಕಲಕತ್ತೆಯಿಂದ ಉತ್ತರಕ್ಕೆ ಹೊರಡುತ್ತದೆ. 1857ರ ಹೋರಾಟದ ನಂತರದ ಕಥೆ. ಒಳಗೆ ಆರಾಮಾಗಿ ಕೂತವರು ಯುರೋಪಿಯನ್ನರು. ಯಂತ್ರ ನಡೆಸುವ ಸ್ಟೋರ್ ಇಂಗ್ಲಿಷಿನವ. ಕುಲುಮೆಗೆ ಬೆಂಕಿ ಹಾಕುವ ಕಾಲೂತ್ ಮಾತ್ರ ಈ ದೇಶದವ. ವಸಾಹತುಶಾಹಿಯ ಇಡೀ ಏಣಿ ಆ ಒಂದು ಗಾಡಿಯೊಳಗದ. ವರ್ನ್ ಅದನ್ನು ಟೀಕೆಯಾಗಿ ಬರೆದನೆಂದು ನಾನು ಒಪ್ಪಲ್ಲ. ಆದರೂ ಕಾಲೂತ್‌ಗೆ ಒಂದು ಹೆಸರು, ನಿಲ್ಲಲು ಒಂದು ಜಾಗ ಕೊಟ್ಟ.

ಇಂದಿನ ಚಿತ್ರಗಳಲ್ಲಿ ಕಾಲೂತ್ ಕಾಣುವುದೇ ಅಪರೂಪ. ದಪ್ಪ ಕನ್ನಡಕ, ಎತ್ತರದ ಟೋಪಿಯ ಸವಾರನೊಬ್ಬ ಇರ್ತಾನೆ. ಫ್ರಾನ್ಸಿನ ನಾಂತ್ ನಗರದಲ್ಲಿ 2007ರಿಂದ ಓಡಾಡುವ 12 ಮೀಟರ್ ಎತ್ತರದ ಯಂತ್ರಾನೆಯನ್ನು ನಡೆಸುವುದೂ ಉಗಿಯಲ್ಲ. ಪಠ್ಯದಲ್ಲಿ ಯಾರಿಲ್ಲ ಅಂತ ಕೇಳುವುದನ್ನು ದಲಿತ-ಬಂಡಾಯ ವಿಮರ್ಶೆ ನಮಗೆ ಕಲಿಸಿದೆ. ಆ ಪ್ರಶ್ನೆ ಚಿತ್ರಕ್ಕೂ ಸಲ್ಲಬೇಕು.

ನಮ್ಮ ಕಡೆಗೆ ಇದು ಇನ್ನೂ ಹತ್ತಿರದ ಮಾತು. ವಾಡಿ-ಸಿಕಂದರಾಬಾದ್ ರೈಲುಮಾರ್ಗ ನಿಜಾಮರ ಹಣದಲ್ಲಿ 1874ರಲ್ಲೇ ತಾಂಡೂರಿನ ಮೇಲೆ ಹಾದುಹೋಯಿತು. ಲಂಡನ್ ಚಿತ್ರಕಾರನಿಗೆ ಉಗಿ ಒಂದು ಹಂಬಲ ಇರಬಹುದು; ಇಲ್ಲಿ ಅದು ಬೆವರು, ಮಸಿ, ಸಲಿಕೆ. ಫೈರ್‌ಮನ್ ಕಲ್ಲಿದ್ದಲು ಎತ್ತಿಹಾಕದಿದ್ದರೆ ಬಾಯ್ಲರ್ ಕಾಯುವುದಿಲ್ಲ, ಪಿಸ್ಟನ್ ಅಲುಗುವುದಿಲ್ಲ. ಅವನನ್ನು ಬಿಟ್ಟರೆ ಉಳಿಯುವುದು ಬರೀ ಹಿತ್ತಾಳೆ ಬಣ್ಣ.

ನಮ್ಮಲ್ಲೂ ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುವವರಿದ್ದೀರಿ. ವರ್ನ್‌ನ ಆನೆಯನ್ನು ಒಮ್ಮೆ ತಾಂಡೂರು ಸ್ಟೇಷನ್ನಿನಲ್ಲಿ ನೀರಿಗೆ ನಿಲ್ಲಿಸಿ ನೋಡ್ರಿ. ಕಾಲೂತ್ ಕೆಳಗಿಳಿಯಲಿ. ಆಗ ತೊಟ್ಟಿ ಎಲ್ಲಿಡಬೇಕು ಅನ್ನುವುದರ ಜೊತೆಗೆ, ಅವನು ಕನ್ನಡದಲ್ಲಿ ನೀರು ಕೇಳ್ತಾನೋ, ತೆಲುಗಿನಲ್ಲೋ, ದಖ್ಖನಿಯಲ್ಲೋ ಅನ್ನುವುದನ್ನೂ ನೀವೇ ತೀರ್ಮಾನಿಸಬೇಕಾಗ್ತದ.