ಬಣ್ಣದಡಿಯ ಕೆಲಸ

ಅಮೆರಿಕದಲ್ಲಿ 1947ರಿಂದ 1955ರವರೆಗೆ ತಯಾರಾದ ಷೆವರ್ಲೆ 3100 ಪಿಕಪ್ಪನ್ನು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ತುಕ್ಕು ತೆಗೆದು, ಬಣ್ಣ ಹೊಡೆಯುವವರು ಇಂದಿಗೂ ಇದ್ದಾರೆ. ಈ ಕಸುಬಿನಲ್ಲಿ ಹೊಳಪಿಗಿಂತ ಅದರಡಿಯ ತಯಾರಿಯೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಡಿಯ ರಚನೆಯೇ ಅದಕ್ಕೆ ಅನುಕೂಲ: ಚಾಸಿ ಬೇರೆ, ಕ್ಯಾಬಿನ್ ಬೇರೆ, ಮಡ್‌ಗಾರ್ಡುಗಳು ಬೋಲ್ಟಿನಿಂದ ಕೂಡಿಸಿದವು, ಸರಕು ಹೇರುವಲ್ಲಿ ಮರದ ಹಲಗೆ, ನಡುನಡುವೆ ಉಕ್ಕಿನ ಪಟ್ಟಿ. ಒಂದೊಂದೇ ಭಾಗ ಕಳಚಿ ಒಳಮೈಯನ್ನೂ ತಿಕ್ಕಬಹುದು. ಕ್ಯಾಬಿನ್ನಿನ ಕೆಳಮೂಲೆಗಳಲ್ಲಿ ಮಣ್ಣು, ನೀರು ನಿಂತು ತಗಡು ತಿಂದುಹೋಗಿರುತ್ತದೆ. ಅಲ್ಲಿ ಪುಟ್ಟಿ ಮೆತ್ತಿ ಮುಚ್ಚಿದರೆ ತುಕ್ಕು ಒಳಗೊಳಗೇ ಹಬ್ಬಿ ಬಣ್ಣ ಗುಳ್ಳೆಯೇಳುತ್ತದೆ. ಕೆಟ್ಟ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಆಮೇಲೆ ಎಪಾಕ್ಸಿ ಪ್ರೈಮರ್, ತೆಳುವಾಗಿ ಪುಟ್ಟಿ, ಮತ್ತೆ ಮತ್ತೆ ಉಜ್ಜುವುದು. ಆ ದುಂಡು ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿದರೆ ಕಣ್ಣಿಗೆ ಕಾಣದ ತಗ್ಗೂ ಕೈಗೆ ಸಿಗುತ್ತದೆ.

ಬಣ್ಣದ ಬೂತಿನಷ್ಟು ಚೊಕ್ಕ ಕೆಲಸ ಮನೆಯಲ್ಲಾಗದು ಎನ್ನುವ ಆಕ್ಷೇಪ ನಿಜ. ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ. ಆದರೆ ಒಣಗಿದ ಮೇಲೆ 1500, 2000 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ ಪಾಲಿಶ್ ಮಾಡಿದರೆ ಅದು ಹೋಗುತ್ತದೆ. ಒಳತಗಡಿನ ತುಕ್ಕನ್ನು ಯಾವ ಬೂತೂ ತೆಗೆಯದು. ಮಾಸಿದ ಹಳೆಯ ಬಣ್ಣವೇ ಚೆಂದ ಎನ್ನುವವರ ಮಾತಿಗೂ ಬೆಲೆಯಿದೆ. ತಗಡು ಗಟ್ಟಿಯಿದ್ದರೆ ಹಾಗೇ ಬಿಡಲಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಐಸೊಸೈನೇಟ್ ಇರುವ ಹಾರ್ಡನರ್ ಬೆರೆಸಿದ ಬಣ್ಣವನ್ನು ಸಿಂಪಡಿಸುವಾಗ ಉಸಿರಿಗೆಳೆದುಕೊಂಡರೆ ಆಸ್ತಮಾ ಬರಬಹುದು. ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖಕವಚ ಇಲ್ಲದವರು ದಯವಿಟ್ಟು ಆ ಹಂತವನ್ನು ಪೇಂಟರಿಗೇ ಬಿಡಿ.