ಮುಟ್ಟಾಟ ಮತ್ತು ಅನ್ಯ ಸಂಸ್ಕೃತಿ

ಪುಟ್ಟ ಮಕ್ಕಳಿಗೆ ಅನ್ಯ ಸಂಸ್ಕೃತಿಯನ್ನು ಆಟದ ಮೂಲಕ ಪರಿಚಯಿಸಬೇಕೆಂಬ ಮಾತನ್ನು ನಮ್ಮ ಶಿಕ್ಷಣ ಚಿಂತಕರು ಬಹಳ ಮುದ್ದಿನಿಂದ ಆಡುತ್ತಾರೆ. ಮಾತು ಒಳ್ಳೆಯದೇ. ಆದರೆ ಈ 'ಅನ್ಯ' ಯಾರು, ಎಷ್ಟು ದೂರದಲ್ಲಿದ್ದಾನೆ ಎಂದು ಕೇಳಿದ ಕೂಡಲೇ ಮಾತಿನೊಳಗಿನ ಜಾತಿ ಎದ್ದು ಕೂರುತ್ತದೆ.

2015ರಲ್ಲಿ ಘೋಷಣೆಯಾದ 'ಏಕ ಭಾರತ ಶ್ರೇಷ್ಠ ಭಾರತ' ಕಾರ್ಯಕ್ರಮದಲ್ಲಿ ಕರ್ನಾಟಕಕ್ಕೆ ಜೊತೆಯಾದದ್ದು ಉತ್ತರಾಖಂಡ. ನಮ್ಮ ಮಕ್ಕಳು ಹಿಮಾಲಯದ ಕಡೆಯ ಉಡುಪು, ಕುಣಿತ, ಊಟ ತಿಳಿಯಲಿ, ಬೇಡವೆಂದವರಾರು? ಆದರೆ ಕೂಗಳತೆ ದೂರದ ಕೇರಿ ಈ ಜೊತೆಗಾರಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಎಂದು ಹೆಸರಿಟ್ಟು ಎರಡನ್ನೂ ಒಂದೇ ಪದವಾಗಿ ಬೆಸೆದರು. ಆ ಬೆಸುಗೆ ಶಾಲೆಯ ಆಟದ ಬಯಲಿಗೆ ಇನ್ನೂ ತಲುಪಿಲ್ಲ.

ಛದ್ಮವೇಷ ಸ್ಪರ್ಧೆಯನ್ನೇ ನೋಡಿ. ಕನ್ನಡಿ ಹೊಲಿದ ಲಂಬಾಣಿ ಲಂಗವನ್ನು ಬಾಡಿಗೆಗೆ ತಂದು ಮಗುವಿಗೆ ತೊಡಿಸುತ್ತಾರೆ, ಪ್ರೈಜೂ ಬರುತ್ತದೆ. ತಾಂಡಾದ ಮಗು ಅದೇ ಬಟ್ಟೆಯಲ್ಲಿ ದಿನಾ ಶಾಲೆಗೆ ಬಂದರೆ ಪ್ರೈಜು ಕೊಡೋರು ಯಾರು? ವೇಷವನ್ನು ಸಂಜೆಗೆ ಕಳಚಬಲ್ಲವರಿಗೆ ಮಾತ್ರ ಅದು ಆಟ.

2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 3ರಿಂದ 8 ವರ್ಷದ ಮಕ್ಕಳಿಗಾಗಿ 'ಜಾದೂಯಿ ಪಿಟಾರ' ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು. ಅದೇ ವರ್ಷ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಹಾಗಾದರೆ ತಮಟೆಯನ್ನೂ ಆಟದ ಸಾಮಾನಾಗಿ ಮಕ್ಕಳ ಕೈಗೆ ಕೊಡೋಣವೇ? ಇಲ್ಲೇ ಎಚ್ಚರ ಬೇಕು. ಮೇಷ್ಟ್ರು 'ಬಾರಪ್ಪ, ನೀನು ಬಡಿ, ನಿಮ್ಮೋರದ್ದಲ್ವ ಇದು' ಎಂದು ಕೇರಿಯ ಹುಡುಗನನ್ನೇ ಕರೆದರೆ ಅದು ಸಂಸ್ಕೃತಿ ಪರಿಚಯವಲ್ಲ, ಬಿಟ್ಟಿ ಚಾಕರಿಯ ಮುಂದುವರಿಕೆ. ಸಾವಿಗೂ ಜಾತ್ರೆಗೂ ಬಡಿದೇ ತೀರಬೇಕೆಂದು ಕಟ್ಟುಪಾಡು ಹಾಕಿದ ಊರೇ ಈಗ ಕಲೆ ಎಂದು ಚಪ್ಪಾಳೆ ತಟ್ಟಿದಂತೆ. ಗೌಡರ ಮಗುವೂ ತಮಟೆ ಕಾಯಿಸುವುದನ್ನು ಹತ್ತಿರ ಕೂತು ನೋಡಿ, ಚರ್ಮದ ವಾಸನೆಯನ್ನು ಕೈಗೆ ಹತ್ತಿಸಿಕೊಂಡು, ತಪ್ಪುತಪ್ಪಾಗಿ ಬಡಿದಾಗ ಮಾತ್ರ ಅದು ಆಟ.

ಮಕ್ಕಳು ಯಾವ ಪೆಟ್ಟಿಗೆಯೂ ಇಲ್ಲದೆ ಆಡುವ ಮುಟ್ಟಾಟದಲ್ಲಿ ಮುಟ್ಟಿಸಿಕೊಂಡವನು ಕಳ್ಳ. ಎಲ್ಲರೂ ಅವನಿಂದ ಓಡುತ್ತಾರೆ. ಮೈಲಿಗೆಯ ವ್ಯಾಕರಣವೂ ಇದೇ ಅಲ್ಲವೇ? ಆದರೆ ಆಟದಲ್ಲಿ ಕಳ್ಳತನ ಕೈಯಿಂದ ಕೈಗೆ ದಾಟುತ್ತದೆ, ಹುಟ್ಟಿನಿಂದ ಯಾರೂ ಕಳ್ಳರಲ್ಲ. ದೊಡ್ಡವರ ಸಮಾಜ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಸಮುದಾಯಗಳಿಗೇ ಹುಟ್ಟುಗಳ್ಳರೆಂದು ಮುದ್ರೆ ಒತ್ತಿತು. 1952ರಲ್ಲಿ ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ. ಸರದಿ ಬದಲಾಗಲೇಬೇಕೆಂಬ ಮಕ್ಕಳ ನಿಯಮ ನಮ್ಮ ಧರ್ಮಶಾಸ್ತ್ರಗಳಿಗಿಂತ ಹೆಚ್ಚು ನ್ಯಾಯವುಳ್ಳದ್ದು.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಮನೆಮಂದಿಯೆಲ್ಲ ಕದ್ದು ತಂದ ಕಡಲೇಕಾಯಿಯ ಸುತ್ತ ಕೂತು ತಿನ್ನುತ್ತಾರೆ. ಅಲ್ಲಿ ಹಸಿವೂ ಸಂಭ್ರಮವೂ ಬೇರೆಬೇರೆಯಲ್ಲ. ನಮ್ಮ ವಿಮರ್ಶೆ ಬಹುಮಟ್ಟಿಗೆ ಆ ನವಿಲನ್ನು ರೂಪಕವೆಂದು ಹೊಗಳಿ ಸುಮ್ಮನಾಯಿತು. ಆ ಗೋಡೆಯ ಮುಂದೆ ಊರಿನ ಮಗುವೂ ಬಂದು ಕೂರುವುದು ಹೇಗೆಂದು ಕೇಳಲಿಲ್ಲ.

ಅಂಗನವಾಡಿಯಿಂದಲೇ ಶುರುವಾಗಲಿ. ಇವತ್ತು ಊರೊಳಗೆ ಅಳಗುಳಿಮಣೆ ಆಡಿದರೆ ನಾಳೆ ಕೇರಿಯ ಜಗಲಿಯ ಮೇಲೆ ಆಡಲಿ. ಹುಣಸೆಬೀಜ ಆ ಮನೆಯವರೇ ಕೊಡಲಿ. ಬಾಯಾರಿದ ಮಗು ಅಲ್ಲೇ ನೀರು ಕೇಳಿ ಕುಡಿಯಲಿ. ಕುಡಿದು ಬಂದ ಮಗುವಿಗೆ ಮನೆಯಲ್ಲಿ ಏನನ್ನುತ್ತಾರೆ? ಪರೀಕ್ಷೆ ಇರುವುದು ಅಲ್ಲಿ, ಅದನ್ನು ಬರೆಯಬೇಕಾದವರು ದೊಡ್ಡವರು.